ಕೀ ಕೊಟ್ಟವರು

ಚಿದಂಬರ ಬೀರುವಿನ ಡ್ರಾಯರನ್ನೇ ಎಳೆದು ಮಂಚದ ಮೇಲೆ ಬೋರಲು ಹಾಕಿದ. ಹಳೆಯ ಪಾಸ್‌ಬುಕ್ಕು, ಔಷಧಿ ಚೀಟಿಗಳು, ಸೇಫ್ಟಿಪಿನ್ನಿನ ಡಬ್ಬಿ, ಬಿಡಿ ಗುಂಡಿಗಳು ಚೆಲ್ಲಾಡಿದವು. ಅಪ್ಪನ ಯೆಜ್ಡಿ ಬೈಕಿನ ಕೀ ಅಲ್ಲಿ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ನರ್ಸಿಂಗ್ ಹೋಮಿನಲ್ಲಿ ಅಪ್ಪನ ಜೇಬಿನಿಂದ ತೆಗೆದುಕೊಟ್ಟ ಆ ಕೀ ಅವನ ಮುಷ್ಟಿಯಲ್ಲೇ ಇತ್ತು. ಆದರೂ ಹುಡುಕುತ್ತಿದ್ದ.

"ಕರ್ಚೀಫಿನಲ್ಲಿ ಸುತ್ತಿ ಈ ಮೂಲೇಲಿ ಇಟ್ಟಿದ್ದೆ. ಯಾರು ತೆಗೆದು ಕೊಟ್ಟಿದ್ದು?"

ಬಾಗಿಲಲ್ಲಿ ವಿಭೂತಿ ತಟ್ಟೆ ಹಿಡಿದು ನಿಂತಿದ್ದ ಐಶ್ವರ್ಯ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದಳು. "ಜಂಗಮರು ಬಂದಿದಾರೆ. ಕರೀತಿದಾರೆ, ಬನ್ನಿ," ಎಂದಳು ಗಂಡನಿಗೆ.

"ಅಮ್ಮನೇ ಇರ್ಬೇಕು. ಅಪ್ಪಾಜಿ ಮುಖ ಸಪ್ಪಗಾದ್ರೆ ಅವಳಿಗೆ ತಡೆಯಲ್ಲ."

ಅಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆ ಕ್ಷಣ ಕಳೆಯಿತು. ಅವನು ಅವಳನ್ನು ಸರಿಸಿಕೊಂಡು ಹಜಾರಕ್ಕೆ ಹೋದ.

ತೀರಿಹೋದ ಅಪ್ಪ ಗಂಗಾಧರಯ್ಯನವರನ್ನು ಮೀಯಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ. ಪಕ್ಕದಲ್ಲಿ ಗಿರಿಜಾಂಬಾ ಚಾಪೆಯ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದರು.

"ಅಮ್ಮ, ಕೀ ನೀನು ಕೊಟ್ಯಾ?"

"ಯಾರು ಕೊಟ್ರೇನಪ್ಪ, ಹೋದ್ರಲ್ಲ."

"ಕೊಟ್ಯೋ ಇಲ್ವೋ, ಅದನ್ನ ಹೇಳು."

ಗಿರಿಜಾಂಬಾ ಮಗನನ್ನೇ ನೋಡಿದರು. ಸತ್ತವರ ತಮ್ಮ ಬಸವಪ್ರಭು ಎದ್ದು ಬಂದು ಚಿದಂಬರನ ರಟ್ಟೆ ಹಿಡಿದರು. "ಅಣ್ಣನ ಮುಂದೆ ಏನೋ ಇದು ಪಂಚಾಯ್ತಿ? ಸುಮ್ನಿರು."

ಚಿದಂಬರ ಗೋಡೆಯ ಪಕ್ಕ ಕೂತ. ಆದರೆ ಮಾತು ಆಗಲೇ ಚಾಮರಾಜಪೇಟೆಯ ಆ ಸಣ್ಣ ಮನೆಯ ಅಂಗಳ ದಾಟಿತ್ತು. ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡವರು ಒಬ್ಬರ ಕಿವಿಗೆ ಒಬ್ಬರು ಬಗ್ಗಿದರು.

"ಡಾಕ್ಟ್ರು ಗಾಡಿ ಓಡಿಸೋದು ಬೇಡ ಅಂದಿದ್ರಂತೆ."

"ಹೆಂಡ್ತಿ ಆದವಳು ಹಂಗೆ ಕೊಡಬಾರ್ದಿತ್ತು ಬಿಡಿ."

ಕಾಫಿ ಲೋಟ ಹಂಚುತ್ತಿದ್ದ ಐಶ್ವರ್ಯಳಿಗೆ ಅದು ಕೇಳಿಸಿತು. ಅವಳು ಮುಂದಿನ ಸಾಲಿಗೆ ಹೋದಳು.

*

ಆ ಬೈಕು ಮನೆಗೆ ಬಂದದ್ದು ಎಂಬತ್ತಾರರಲ್ಲಿ. ಅಣ್ಣತಮ್ಮಂದಿರಿಗೆ ಬಳೇಪೇಟೆಯಲ್ಲಿ ಗಾಜಿನ ಬಳೆಯ ಸಗಟು ಅಂಗಡಿ. ಬಸವಪ್ರಭು ಅಂಗಡಿಯಲ್ಲಿ ಕೂರುವುದು, ಗಂಗಾಧರಯ್ಯ ಮಾಲು ಕಟ್ಟಿಕೊಂಡು ಊರು ಸುತ್ತುವುದು. ಮಲ್ಲೇಶ್ವರದಿಂದ ಬಸವನಗುಡಿಯವರೆಗೆ ಅಂಗಡಿ ಅಂಗಡಿಗೆ ಬಳೆಯ ಪೆಟ್ಟಿಗೆ ಹೊತ್ತು ತಿರುಗಿದ ಗಾಡಿ ಅದು. ಹಾಗಾಗಿ ಅವರು ಓಡಿಸುವುದೇ ಬೇರೆ ಥರ. ಹಂಪು ಬರುವ ಮೊದಲೇ ವೇಗ ಇಳಿದಿರುತ್ತಿತ್ತು, ಗೇರು ಬದಲಾದದ್ದು ಹಿಂದೆ ಕೂತವರಿಗೆ ತಿಳಿಯುತ್ತಿರಲಿಲ್ಲ. ಅಂಗಡಿ ಮುಚ್ಚಿದ ಮೇಲೂ, ಹಿಂದೆ ಬಳೆ ಇದ್ದಂತೆಯೇ ಓಡಿಸುತ್ತಿದ್ದರು.

ಮೆಟ್ರೊ ಕೆಟ್ಟುನಿಂತ ಒಂದು ಸಂಜೆ ಮಲ್ಲೇಶ್ವರದ ಬ್ಯಾಂಕಿನಿಂದ ಸೊಸೆಯನ್ನು ಕರೆತರಲು ಹೋಗಿದ್ದರು. ಅಲ್ಲಿಂದ ಅದೊಂದು ರೂಢಿಯಾಯಿತು. ಇನ್ನೂರೈವತ್ತು ಸಿಸಿಯ, ಹೆಚ್ಚು ದೊಡ್ಡದೂ ಅಲ್ಲದ ತೀರ ಚಿಕ್ಕದೂ ಅಲ್ಲದ ಹಳೆಯ ಗಾಡಿ. ಸಿಗ್ನಲ್ ಬಿಟ್ಟರೆ ಹುಡುಗರ ಬೈಕುಗಳೆಲ್ಲ ಮುಂದೆ ಹಾರಿ ಹೋಗುತ್ತಿದ್ದವು. ಗಂಗಾಧರಯ್ಯನವರಿಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ.

"ಐವತ್ತರಲ್ಲಿ ಹೋದ್ರೆ ಹಾಡ್ತದಮ್ಮ ಇದು. ಎಂಬತ್ತಕ್ಕೆ ಎಳೆದ್ರೆ ಅಳ್ತದೆ. ಅಳಿಸ್ಕೊಂಡು ಎಲ್ಲಿಗೆ ಹೋಗ್ಬೇಕು ನಾವು?"

ಸಂಪಿಗೆ ರಸ್ತೆಯ ಮರಗಳ ಕೆಳಗೆ, ಸುಟ್ಟ ಆಯಿಲ್ಲಿನ ವಾಸನೆಯಲ್ಲಿ, ಕಾಲಿಗೆ ಇಂಜಿನ್ನಿನ ಬಿಸಿ ತಾಗುತ್ತಿರುವಾಗ, ದಿನವೆಲ್ಲ ಕೌಂಟರಿನಲ್ಲಿ ಕೂತು ಬಿಗಿದ ಅವಳ ಹೆಗಲು ತಾನಾಗಿ ಸಡಿಲವಾಗುತ್ತಿತ್ತು. ಮಾವ ಸೊಸೆ ಮಾತಾಡುತ್ತಿದ್ದುದೂ ಕಡಿಮೆ.

ಮೂರು ತಿಂಗಳ ಹಿಂದೆ ಅವರು ಮೊದಲು ಬಚ್ಚಲಲ್ಲಿ ತಲೆ ಸುತ್ತಿ ಕುಸಿದರು. ಹದಿನೈದು ದಿನಕ್ಕೆ ಎರಡನೆಯ ಸಲ. ಆಗ ಗಾಡಿಯ ಮೇಲಿದ್ದರು. ಒಂದು ಶಾಲೆಯ ಗೇಟಿನ ಮುಂದೆ ಗಾಡಿ ನಿಲ್ಲಿಸುವಷ್ಟರಲ್ಲಿ ಪಕ್ಕಕ್ಕೆ ವಾಲಿದರು. ಬೈಕು ಬಿದ್ದದ್ದು ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಊಟದ ಬ್ಯಾಗಿನ ಮೇಲೆ. ಹುಡುಗಿ ಎರಡು ಹೆಜ್ಜೆ ಆಚೆ ಇದ್ದಳು.

ಅದರೊಳಗೆ ಜಜ್ಜಿಹೋದ ಊಟದ ಡಬ್ಬಿಯನ್ನು ಚಿದಂಬರ ಕಣ್ಣಾರೆ ಕಂಡಿದ್ದ. ಮನೆಗೆ ಬಂದವನೇ ಅಪ್ಪನ ಮುಂದೆ ಕೈ ಮುಗಿದ. ಗಂಗಾಧರಯ್ಯ ವಾದ ಮಾಡಲಿಲ್ಲ. ತಾವೇ ಕೀ ತೆಗೆದು ಮಗನ ಕೈಗಿಟ್ಟು, "ನೀನಾಗಿ ಕೊಡೋ ತನಕ ಮುಟ್ಟಲ್ಲ, ಆಯ್ತಾ?" ಎಂದರು. ಆಮೇಲೆ ದಿನಾ ಬೆಳಿಗ್ಗೆ ಗಾಡಿ ಒರೆಸುವುದು, ಹೊದಿಕೆ ಹೊದಿಸುವುದು, ಅಷ್ಟೆ. ಗಾಡಿಯನ್ನು ಕೊಂಡು ಒಯ್ಯಲು ಸೋಮವಾರ ಒಬ್ಬರು ಬರುತ್ತಾರೆಂದು ಮಗ ಹೇಳಿದಾಗಲೂ "ಒಳ್ಳೇದಾಯ್ತು" ಎಂದಿದ್ದರು.

ಇವತ್ತು ಭಾನುವಾರ. ಬೆಳಿಗ್ಗೆ ಆರಕ್ಕೆ ಐಶ್ವರ್ಯ ಹಾಲು ತರಲು ಹೊರಬಂದಾಗ ಅವರು ಗಾಡಿಯ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಒರೆಸುತ್ತಿರಲಿಲ್ಲ. ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅವಳು ಒಳಗೆ ಹೋದಳು. ಗಂಡ ಮಲಗಿದ್ದ. ಬೀರು ತೆಗೆದಳು.

"ಮಾವ, ಗಾಂಧಿ ಬಜಾರ್ ತನಕ ಒಂದ್ ರೌಂಡ್ ಹೋಗ್ಬನ್ನಿ."

ಅವರು ಕೈ ಚಾಚಲಿಲ್ಲ. "ಅವನಿಗೆ ಮಾತು ಕೊಟ್ಟಿದೀನಮ್ಮ."

"ಅವರೇ ಕೊಟ್ಟಿದ್ದು ಮಾವ."

"ಚಿದಂಬರನೇ ಕೊಟ್ಟನಾ?"

"ಹ್ಞೂ. ನಿದ್ದೆ ಬರ್ತಿದೆ, ನೀನೇ ಕೊಡು ಅಂದ್ರು."

ಎಪ್ಪತ್ತೊಂದರ ಆ ಮುಖ ಅರಳಿದ್ದನ್ನು ಅವಳು ಕಂಡಳು. ಗಲ್ಲಿಯ ಕೊನೆಯಲ್ಲಿ ಸದ್ದು ಕರಗುವವರೆಗೂ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಏಳೂಕಾಲಿಗೆ ಫೋನು ಬಂತು.

*

ರುದ್ರಭೂಮಿಯಲ್ಲಿ ನಾಲ್ಕು ಗಂಟೆಯ ಬಿಸಿಲು ಇನ್ನೂ ಚುರುಕಾಗಿತ್ತು. ವಿಭೂತಿ ಗಟ್ಟಿ, ಬಿಲ್ವಪತ್ರೆ ಹಾಕಿ ಗಂಗಾಧರಯ್ಯನವರನ್ನು ಗುಂಡಿಯೊಳಗೆ ಕೂರಿಸಿದ್ದರು. ಮೊದಲ ಮಣ್ಣಿಗೆ ಚಿದಂಬರ ಬಗ್ಗುವಾಗ ಗೇಟಿನ ಕಡೆಯಿಂದ ಹೆಂಗಸೊಬ್ಬಳು ಬುಟ್ಟಿ ಅವಚಿಕೊಂಡು ಓಡುನಡಿಗೆಯಲ್ಲಿ ಬಂದಳು. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಹೂ ಮಾರುವ ಮುನಿಲಕ್ಷ್ಮಮ್ಮ. ಬೆಳಿಗ್ಗೆ ಗಂಗಾಧರಯ್ಯನವರ ಮೊಬೈಲಿನಿಂದ ಫೋನ್ ಮಾಡಿದವಳು ಅವಳೇ.

ಬುಟ್ಟಿಯ ಸೇವಂತಿಗೆಯನ್ನಷ್ಟೂ ಗುಂಡಿಗೆ ಸುರಿದು ಕಣ್ಣೊರೆಸಿಕೊಂಡಳು.

ಚಿದಂಬರ ಕೇಳಿದ. "ಗಾಡಿ ಸಮೇತ ಬಿದ್ರಾ?"

"ಅಯ್ಯೋ, ಇಲ್ಲ ಕಣಪ್ಪ. ನೀಟಾಗಿ ಸ್ಟ್ಯಾಂಡ್ ಹಾಕಿದ್ರು. ಬಗ್ಗಿ ಪೆಟ್ರೋಲ್ ಬಂದ್ ಮಾಡಿದ್ರು. ಮೂರು ತಿಂಗ್ಳಿಂದ ಎಲ್ಲೋಗಿದ್ರಿ ಸ್ವಾಮಿ ಅಂದೆ. ಮಗನ ಹತ್ರ ಕೀ ಇತ್ತು ಕಣಮ್ಮ, ಇವತ್ತು ಅವನೇ ಕೊಟ್ಟ ಅಂದ್ರು."

ಬಸವಪ್ರಭು ನಿಧಾನವಾಗಿ ತಿರುಗಿದರು.

"ಏನೋ ಇದು? ನೀನೇ ಕೊಟ್ಟು, ಬೆಳಿಗ್ಗೆಯಿಂದ ಹೆತ್ತ ತಾಯಿ ಮೇಲೆ ಹಾಕ್ತಿದೀಯಾ?"

ಚಿದಂಬರನ ಮುಷ್ಟಿಯಿಂದ ಮಣ್ಣು ಉದುರುತ್ತಿತ್ತು. "ನಾನಾ? ಇಲ್ಲ ಚಿಕ್ಕಪ್ಪ, ನಾನು..."

"ಸಾಯೋ ಮುಂಚೆ ಅಣ್ಣ ಸುಳ್ಳು ಹೇಳಿದ್ನಾ ಹಾಗಾದ್ರೆ?"

"ಮಾವ ಸುಳ್ಳು ಹೇಳಿಲ್ಲ," ಎಂದಳು ಐಶ್ವರ್ಯ. ದನಿ ತನ್ನದಲ್ಲವೆನ್ನುವಷ್ಟು ಸಣ್ಣಗಿತ್ತು. ಅವಳು ಮತ್ತೆ ಹೇಳಬೇಕಾಯಿತು. "ಸುಳ್ಳು ಹೇಳಿದ್ದು ನಾನು. ಬೀರು ತೆಗೆದವಳೂ ನಾನೇ. ಅವರು ತಗೊಳ್ಳಲ್ಲ ಅಂದ್ರು. ನಿಮ್ಮ ಮಗನೇ ಕೊಟ್ಟಿದ್ದು ಅಂದೆ. ಆಮೇಲೇ ತಗೊಂಡಿದ್ದು."

ಗಿರಿಜಾಂಬಾ ಸೊಸೆಯ ಕಡೆ ನೋಡದೆ, "ಬೆಳಿಗ್ಗೇನೇ ಹೇಳಬಾರ್ದಾಗಿತ್ತೇನೇ," ಎಂದರು. ಬೈಗುಳಕ್ಕಿಂತ ಅದು ಹೆಚ್ಚಾಗಿ ಚುಚ್ಚಿತು.

ಚಿದಂಬರ ಹೆಂಡತಿಯತ್ತ ಒಂದು ಹೆಜ್ಜೆ ಇಟ್ಟ. ಬಸವಪ್ರಭು ಅಡ್ಡ ಬರಲು ಕೈ ಎತ್ತಿದರು. ಆದರೆ ಅವನು ನಡುವೆಯೇ ನಿಂತು ಮುನಿಲಕ್ಷ್ಮಮ್ಮನ ಕಡೆ ತಿರುಗಿದ.

"ಏನಂದ್ರು ಅಪ್ಪಾಜಿ? ಇನ್ನೊಂದ್ಸಲ ಹೇಳಿ."

"ಅದೇ ಕಣಪ್ಪ. ಮಗನ್ನ ನಾನು ಕೇಳೂ ಇರ್ಲಿಲ್ಲ, ಅವನಾಗೇ ಕೊಟ್ಟ ಅಂದ್ರು. ನಗ್ತಿದ್ರು. ಅಮ್ಮಾವ್ರಿಗೆ ಎರಡು ಮೊಳ ಮಲ್ಲಿಗೆ ಕೊಡು ಅಂತ ಅಲ್ಲೇ ಕಟ್ಟೆ ಮೇಲೆ ಕೂತ್ರು. ನಾನು ಹೂ ಅಳೆದು ತಿರುಗೋ ಅಷ್ಟೊತ್ಗೆ ತಲೆ ಹಿಂಗೆ ವಾಲಿತ್ತು."

ಚಿದಂಬರ ಗುಂಡಿಯ ಅಂಚಿಗೆ ಮರಳಿ ನಿಂತ. ಜಂಗಮರು ಮೆಲ್ಲಗೆ ಕೆಮ್ಮಿದರು. ಅವನು ಬಗ್ಗಿ ಮತ್ತೆ ಮಣ್ಣು ತೆಗೆದುಕೊಂಡ.

*

ಸ್ನಾನ ಮುಗಿಸಿದ ಮೇಲೆ ಗಿರಿಜಾಂಬಾ ಮಗನಿಗೆ ಒಂದೇ ಮಾತು ಹೇಳಿದರು. "ಅವರ ಗಾಡಿ ಬೀದೀಲಿ ನಿಂತಿದೆ. ಕತ್ತಲಾಗೋದ್ರೊಳಗೆ ತಗೊಂಡ್ಬಾ."

ಅವನು ನಡೆದು ಹೊರಟ. ಕರೆಯದಿದ್ದರೂ ಐಶ್ವರ್ಯ ಹತ್ತು ಹೆಜ್ಜೆ ಹಿಂದೆ ಹೋದಳು. ಗಾಂಧಿ ಬಜಾರಿನಲ್ಲಿ ಸಂಜೆಯ ಜನ. ಹೂವಿನ ಅಂಗಡಿಯ ಪಕ್ಕ ಯೆಜ್ಡಿ ನೆಟ್ಟಗೆ ನಿಂತಿತ್ತು, ಸೀಟಿನ ಮೇಲೆ ಮರದ ಎಲೆಗಳು ಬಿದ್ದಿದ್ದವು. ಚಿದಂಬರ ಅವನ್ನು ಕೈಯಲ್ಲೇ ಗುಡಿಸಿದ. ಕಿಕ್ ಮೇಲೆ ಕಾಲಿಟ್ಟು, ಆಮೇಲೆ ತೆಗೆದ.

"ಒಂದು ಮಗು ಸತ್ತಿದ್ರೆ?" ಎಂದ, ಗಾಡಿಗೇ ಹೇಳುವಂತೆ.

"ನನಗೂ ಅದೇ ಕೊರೀತಿದೆ, ಬೆಳಿಗ್ಗೆಯಿಂದ," ಎಂದಳು ಅವಳು.

"ನಿನ್ನ ಹತ್ರ ಈಗ ಮಾತಾಡಕ್ಕಾಗಲ್ಲ ನಂಗೆ."

"ಬೇಡ."

ಅವನು ತಳ್ಳತೊಡಗಿದ. ನೋಡಲು ಹಗುರ, ತಳ್ಳಿದರೆ ಭಾರ. ಬಸ್ಸು, ಆಟೋಗಳು ಹಿಂದಿನಿಂದ ಹಾರನ್ ಹೊಡೆದವು. ಏರಿನಲ್ಲಿ ಅವನ ಚಪ್ಪಲಿ ಜಾರಿತು. ಐಶ್ವರ್ಯ ಬಂದು ಹಿಂದಿನ ಕ್ಯಾರಿಯರು ಹಿಡಿದು ತಳ್ಳಿದಳು. ಅವನು ಬೇಡ ಎನ್ನಲಿಲ್ಲ. ಇಬ್ಬರೂ ಏದುಸಿರು ಬಿಡುತ್ತ ರಾಮಕೃಷ್ಣ ಆಶ್ರಮದ ಸರ್ಕಲ್ ದಾಟಿದರು.

ಅಲ್ಲಿಂದ ಇಳಿಜಾರು. ಗಾಡಿ ತಾನಾಗಿ ಉರುಳತೊಡಗಿದ್ದೇ ತಡ, ಅವನು ಕಾಲು ಹಾಕಿ ಕೂತುಬಿಟ್ಟ. ಕ್ಯಾರಿಯರು ಅವಳ ಕೈಯಿಂದ ಜಾರಿತು. ಇಂಜಿನ್ ಇಲ್ಲದೆ, ಚಕ್ರದ ಸರಪರ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲದೆ, ಅವನು ಬೀದಿದೀಪಗಳ ಕೆಳಗೆ ದೂರ ದೂರ ಹೋದ. ಅವಳು ರಸ್ತೆಯ ಪಕ್ಕಕ್ಕೆ ಸರಿದು, ಬೆವರು ಒರೆಸಿಕೊಳ್ಳುತ್ತ ಒಬ್ಬಳೇ ನಡೆದಳು.

ನೂರು ಮಾರು ಕೆಳಗೆ ಬ್ರೇಕಿನ ಕೆಂಪು ದೀಪ ಉರಿಯದೆಯೇ ಆ ಗಾಡಿ ನಿಂತಿರುವುದು ಕಾಣಿಸಿತು. ಚಿದಂಬರ ಒಂದು ಕಾಲನ್ನು ನೆಲಕ್ಕೂರಿದ್ದ. ಹಿಂದೆ ತಿರುಗಿ ನೋಡಲಿಲ್ಲ. ಸೀಟಿನಲ್ಲಿ ಟ್ಯಾಂಕಿಗೆ ಒತ್ತಿಕೊಂಡು ಮುಂದಕ್ಕೆ ಸರಿದು, ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದ.