ಸಾಕ್ಷಿಗುಡ್ಡೆಯ ಕಾವಲು

1908ನೆಯ ಇಸವಿ, ಸೆಪ್ಟೆಂಬರ್ 14, ಸೋಮವಾರ. ಬೆಳಗಿನ ಹತ್ತು ಗಂಟೆಗೆ ಸರಿಯಾಗಿ ಓಬಮ್ಮನಿಗೆ ನಡುಕ ಶುರುವಾಯಿತು.

ಹಿರಿಯೂರಿನಿಂದ ಎರಡು ಮೈಲಿ ದೂರದಲ್ಲಿ ಮಾರಿಕಣಿವೆ ಕಟ್ಟೆಯ ಕಾಲುವೆಗೆ ಏರಿ ಹಾಕುವ ಕೆಲಸ ನಡೆಯುತ್ತಿತ್ತು. ಏರಿಗೆ ಬೇಕಾದ ಮಣ್ಣನ್ನು ಪಕ್ಕದ ಬಯಲಿನಲ್ಲಿ ಗುಂಡಿ ತೋಡಿ ತೆಗೆಯುತ್ತಿದ್ದರು. ಅಂಥ ಒಂದು ಗುಂಡಿಯ ಅಂಚಿನಲ್ಲೇ ಓಬಮ್ಮನ ಗುಡಿಸಲು. ಗಂಡ ಏರಿ ಕೆಲಸಕ್ಕೆ ಹೋಗಿದ್ದ; ಅತ್ತೆ ಕಾಳಕ್ಕ ಸೊಸೆಯ ಮೇಲೆ ಒಂದು ಕಂಬಳಿ ಹೊದಿಸಿದಳು. ಸಾಲಲಿಲ್ಲ. ಇನ್ನೊಂದು ಹೊದಿಸಿದಳು. ಆಮೇಲೆ ಗೋಣಿಚೀಲ. ಅಷ್ಟರ ಕೆಳಗಿನಿಂದಲೂ ಓಬಮ್ಮನ ಬಳೆಗಳು ಗಲಗಲ ಅನ್ನುವುದು ಕೇಳುತ್ತಿತ್ತು. ಅವಳಿಗೆ ಆರು ತಿಂಗಳು ತುಂಬಿತ್ತು. ಹೋದ ವರ್ಷವೂ ಇದೇ ಮಳೆಗಾಲದಲ್ಲಿ, ಇದೇ ಜ್ವರದಲ್ಲಿ, ಅವಳ ಬಸುರು ಇಳಿದುಹೋಗಿತ್ತು.

ಕಾಲುವೆ ಕೆಲಸದವರ ಔಷಧಾಲಯದ ಕಂಪೌಂಡರ್ ಜಂಬಣ್ಣ ಬಾಗಿಲಲ್ಲಿ ಬಂದು ನಿಂತ. ಮತ್ತೋಡು ಎಂಬ ಊರಿನವನು. ಜೇಬಿನಲ್ಲಿ ಗಡಿಯಾರ, ಕೈಯಲ್ಲಿ ಒಂದು ನೋಟುಪುಸ್ತಕ.

"ಮೊನ್ನೆ ಶನಿವಾರ ಎಷ್ಟೊತ್ತಿಗೆ ಬಂತು, ಕಾಳಕ್ಕ?"

"ಇದೇ ಹೊತ್ತಿಗೆ ಸ್ವಾಮಿ. ಒಂದಿನ ಬಿಟ್ಟು ಒಂದಿನ, ಕರೆದಂಗೆ ಬರ್ತೈತೆ."

"ನಿನ್ನ ಕೈ ಅವಳ ಎಡಗಡೆ ಪಕ್ಕೆ ಕೆಳಗೆ ಇಡು. ಮೆತ್ತಗೆ ಒತ್ತಿ ನೋಡು. ಗಟ್ಟಿ ಏನಾದ್ರೂ ಸಿಗ್ತೈತಾ?"

ಕಾಳಕ್ಕ ಕಂಬಳಿಯೊಳಗೆ ಕೈಯಿಟ್ಟಳು. "ಸಿಗ್ತೈತೆ. ಮೂರು ಬೆರಳಗಲ ಐತೆ."

"ಅದೇ ಜ್ವರಗಡ್ಡೆ. ಜ್ವರ ಒಳಗೆ ಮನೆ ಮಾಡ್ಕಂಡೈತೆ ಅಂತ ಅರ್ಥ. ಕ್ವಿನೈನ್ ಕೊಡ್ತೀನಿ. ಕಹಿ ಅಂತ ಉಗುಳಬಾರದು. ಆದ್ರೆ ಬರೀ ಗುಳಿಗೆಗೆ ಇದು ಹೋಗಲ್ಲ. ನೀವು ಈ ಗುಂಡಿ ಪಕ್ಕದಿಂದ ಏಳಬೇಕು."

ಹೊರಗೆ ಗುಂಡಿಯ ದಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ ಮಾವ ಯತ್ತಪ್ಪ ಅಲ್ಲಿಂದಲೇ ಹೇಳಿದ: "ಆಗಾಕಿಲ್ಲ."

ಅವನು ಯಾಕೆ ಹಾಗೆ ಹೇಳಿದ ಎಂಬುದನ್ನು ತಿಳಿಯಬೇಕಾದರೆ ಆ ಗುಂಡಿಯನ್ನು ಒಮ್ಮೆ ನೋಡಬೇಕು. ಗುಂಡಿಯ ನಡುವೆ ಒಂದು ಮಣ್ಣಿನ ಕಂಬ ನಿಂತಿತ್ತು. ತಲೆಯ ಮೇಲೆ ಹಳೆಯ ಹುಲ್ಲು ಹಾಗೆಯೇ ಇತ್ತು. ಇದು ಸಾಕ್ಷಿಗುಡ್ಡೆ. ಮಣ್ಣು ಕೆಲಸದವರು ಸುತ್ತಲಿನ ಮಣ್ಣನ್ನೆಲ್ಲ ತೆಗೆದು ಇದೊಂದನ್ನು ಮುಟ್ಟದೆ ಬಿಡುತ್ತಾರೆ. ನೆಲ ಮೊದಲು ಎಷ್ಟು ಎತ್ತರವಿತ್ತು, ಎಷ್ಟು ಆಳ ತೋಡಿದರು ಎಂಬುದಕ್ಕೆ ಅದೇ ಸಾಕ್ಷಿ. ತಿಂಗಳಿಗೊಮ್ಮೆ ಓವರ್‌ಸೀಯರ್ ಬಂದು ಅದರ ಎತ್ತರ ಅಳೆಯುತ್ತಾನೆ. ಆ ಅಳತೆಯ ಮೇಲೆ ಇಡೀ ಕುಟುಂಬದ ಕೂಲಿ.

"ಎರಡು ವರ್ಷದ ಕೆಳಗೆ ಕಲ್ಯಾಣದುರ್ಗದ ಕಡೆ ಕೆಲಸ ಮಾಡ್ತಿದ್ವಿ" ಎಂದ ಯತ್ತಪ್ಪ. "ಅಳತೆಗೆ ಮುಂಚೆ ಯಾರೋ ಒಂದಡಿ ಸಾಕ್ಷಿ ಕೆತ್ತಿ ಹಾಕಿದ್ರು. ತೋಡಿದ್ದು ಒಂದಡಿ ಕಮ್ಮಿ ಅಂತ ಬರಕಂಡ್ರು, ಒಂದು ವಾರದ ಬೆವರು ಗಾಳಿಗೆ ಹೋತು. ಅವತ್ತಿಂದ ನಾನು ಸಾಕ್ಷಿ ಬಿಟ್ಟು ಮಲಗಿಲ್ಲ, ಜಂಬಣ್ಣಾರೆ. ಇನ್ನು ಮೂರು ವಾರ. ಅಳತೆ ಆಗ್ಲಿ, ಆಮೇಲೆ ನೋಡಾಣ."

"ಸಾಕ್ಷಿಗೆ ನೀನು ಕಾವಲು ಕುಂತೀಯ" ಎಂದಳು ಕಾಳಕ್ಕ ಒಳಗಿನಿಂದ. "ಸೊಸೆಗೆ ಯಾರು ಕಾವಲು?"

ಯತ್ತಪ್ಪ ಸಾಕ್ಷಿಯ ಕಡೆಗೇ ತಿರುಗಿ ಕುಳಿತ.

ಆಗ ಆ ಕೆಲಸದಲ್ಲಿ ಹೊರಗಿನಿಂದ ಬಂದ ಎರಡು ಗುಂಪುಗಳಿದ್ದವು. ಒಂದು, ಯತ್ತಪ್ಪನ ಬೋವಿ ಜನ. ತೆಲುಗು ಸೀಮೆಯಿಂದ ಬಂದವರು, ಮಣ್ಣು ತೋಡುವುದೇ ಅವರ ಕಸುಬು. ಇನ್ನೊಂದು, ಧರ್ಮಪುರಿ ಕಡೆಯಿಂದ ಬಂದ ತಮಿಳರು. ತೂಬು ಕಟ್ಟುವ ಕಲ್ಲಿಗೆ ಗಾರೆ ಅರೆಯುವವರು. ಎರಡೂ ಗುಂಪಿಗೆ ಇಲ್ಲಿ ಒಂದು ಗೇಣು ಹೊಲ ಇರಲಿಲ್ಲ. ಎರಡೂ ಒಂದೇ ಬಾವಿಯ ನೀರು ಕುಡಿಯುತ್ತಿದ್ದವು, ಒಂದೇ ಸಂತೆಯ ರಾಗಿ ಉಣ್ಣುತ್ತಿದ್ದವು. ಆದರೂ ಜ್ವರ ಮಣ್ಣಿನವರಿಗೆ ಬರುವಷ್ಟು ಗಾರೆಯವರಿಗೆ ಬರುತ್ತಿರಲಿಲ್ಲ.

ಊರಿನವರು ಇದಕ್ಕೆ ಕಾರಣವನ್ನು ಸಲೀಸಾಗಿ ಹೇಳಿಬಿಡುತ್ತಿದ್ದರು. ಮಣ್ಣಿನವರು ಹಂದಿ ಸಾಕುತ್ತಾರೆ, ಕೊಳಕು ಜನ, ಅದಕ್ಕೆ ಜ್ವರ. ಗಾರೆಯವರು ಶುದ್ಧ, ಅದಕ್ಕೆ ಇಲ್ಲ. ಅಂಗಡಿಯವನು ಗಾರೆಯವರಿಗೆ "ಬರ್ರಿ, ಕುಂತ್ಕಳ್ರಿ" ಎನ್ನುತ್ತಿದ್ದ; ಮಣ್ಣಿನವರು ಬಂದರೆ "ಅಲ್ಲೇ ನಿಲ್ಲು" ಎನ್ನುತ್ತಿದ್ದ. ಯತ್ತಪ್ಪನೂ ಕೇಳಿ ಕೇಳಿ ಇದನ್ನು ನಂಬಿದ್ದ.

"ಅವರ ರಕ್ತಾನೇ ಬೇರೆ, ಸ್ವಾಮಿ. ನಮ್ಮ ಹಣೇಲಿ ಹಿಂಗೆ ಬರೆದೈತೆ."

"ರಕ್ತ ಬೇರೆಯೋ, ಬದುಕೋ ರೀತಿ ಬೇರೆಯೋ, ನೋಡದೆ ಹೆಂಗೆ ಹೇಳ್ತೀಯ?" ಎಂದ ಜಂಬಣ್ಣ. "ನೀನಂತೂ ಏಳಲ್ಲ. ಕಾಳಕ್ಕ, ನೀನಾದ್ರೂ ಬಾ. ಹೋಗಾಣ."

ಹೊರಡುವ ಮುಂಚೆ ಅವನು ಗುಂಡಿಯ ನೀರನ್ನು ಒಂದು ಹಿತ್ತಾಳೆ ಚೊಂಬಿನಲ್ಲಿ ತುಂಬಿಸಿದ. ತೋಡುವ ಕೆಲಸ ಮುಗಿದಿತ್ತು; ಮಳೆ ಬಂದು ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಚೊಂಬಿನೊಳಗೆ ಕೂದಲೆಳೆಯಂಥ ಸಣ್ಣ ಹುಳಗಳು ತಿರುಚಿಕೊಳ್ಳುತ್ತಿದ್ದವು. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಯತ್ತಪ್ಪನ ಮುಂದೆ ಇಟ್ಟ.

"ಹೆಂಗೂ ಕಾವಲು ಕಾಯ್ತೀಯಲ್ಲ, ಇದನ್ನೂ ಕಾಯಿ. ಬಟ್ಟೆ ಬಿಚ್ಚಬೇಡ."

ಗಾರೆಯವರ ಗುಡಿಸಲುಗಳು ಅರ್ಧ ಮೈಲಿ ಆಚೆ, ಕಲ್ಲುದಿಬ್ಬದ ಮೇಲಿದ್ದವು. ಅಲ್ಲಿ ನೀರು ನಿಲ್ಲುವ ಮಾತೇ ಇರಲಿಲ್ಲ. ಗಾರೆ ಅರೆಯುವ ಹೆಂಗಸರ ಮೇಸ್ತ್ರಿ ಅಂಗಮ್ಮಾಳ್ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತಿದ್ದಳು. ಸುಣ್ಣ ತಿಂದ ಕೈ ಬಿರುಕು ಬಿಟ್ಟಿತ್ತು.

"ಅಲ್ಲಮ್ಮ, ನಿಮಗೆ ಜ್ವರ ಯಾಕೆ ಬರಲ್ಲ?" ಎಂದು ಕಾಳಕ್ಕ ನೇರವಾಗಿ ಕೇಳಿಬಿಟ್ಟಳು. "ಏನು ತಿಂತೀರಿ?"

"ನಿಮ್ಮ ರಾಗೀನೇ ತಿಂತೀವಿ ಅಕ್ಕ. ಹುಣಸೆಹಣ್ಣು ಸ್ವಲ್ಪ ಜಾಸ್ತಿ" ಎಂದು ಅಂಗಮ್ಮಾಳ್ ನಕ್ಕಳು. ಹದಿನೈದು ವರ್ಷದಿಂದ ಈ ಕಡೆ ಇದ್ದು ಅವಳ ಕನ್ನಡ ಇಲ್ಲಿನದೇ ಆಗಿತ್ತು. "ನಮಗೇನು ಕಷ್ಟ ಇಲ್ಲ ಅಂದ್ಕಂಡಿದೀರ? ಈ ಕೈ ನೋಡ್ರಿ. ನಮ್ಮ ಗಂಡಸರಿಗೆ ಸುಣ್ಣದ ಧೂಳಿಗೆ ಕೆಮ್ಮು. ಆದ್ರೆ ನಡುಕದ ಜ್ವರ ಕಮ್ಮಿ."

ಜಂಬಣ್ಣ ಹೋದ ವಾರ ಎರಡೂ ಕಡೆ ಮಕ್ಕಳ ಹೊಟ್ಟೆ ಮುಟ್ಟಿ ನೋಡಿ ಬರೆದುಕೊಂಡಿದ್ದ. ಈಗ ಪುಸ್ತಕ ತೆರೆದು ಓದಿದ. ಮಣ್ಣಿನವರ ಮೂವತ್ತು ಮಕ್ಕಳಲ್ಲಿ ಇಪ್ಪತ್ತೊಂದಕ್ಕೆ ಜ್ವರಗಡ್ಡೆ. ಗಾರೆಯವರ ಮೂವತ್ತರಲ್ಲಿ ನಾಲ್ಕಕ್ಕೆ.

"ಆ ನಾಲ್ಕು ಮಕ್ಕಳು ಯಾವ್ಯಾವು, ಅಂಗಮ್ಮಾಳ್?"

ಅವಳು ಬೆರಳು ಮಡಿಸಿ ಎಣಿಸಿದಳು. ಮಡಿಸುತ್ತ ಮಡಿಸುತ್ತ ನಿಧಾನವಾದಳು. "ಅಯ್ಯೋ. ಅದರಲ್ಲಿ ಮೂರು ಸುಣ್ಣದ ಗೂಡು ಕಾಯೋನ ಮಕ್ಕಳು. ಅವರು ಮಲಗೋದು ಕೆಳಗೆ. ನಿಮ್ಮ ಗುಂಡಿ ಪಕ್ಕ."

ಕಾಳಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. ರಕ್ತ ಬೇರೆ ಆಗಿದ್ದರೆ ಆ ಮೂರಕ್ಕೂ ಬರಬಾರದಿತ್ತು.

"ಹಂಗಾದ್ರೆ ನೀವೆಲ್ಲ ಯಾಕೆ ಇಷ್ಟು ದೂರ ಬಂದು ಇದೀರಿ?" ಎಂದು ಕೇಳಿದಳು.

"ನಮಗೆ ದಿನಗೂಲಿ ಅಕ್ಕ. ಶನಿವಾರ ಸಂಜೆ ಕೈಗೆ ಬೀಳ್ತೈತೆ, ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ಕೆಲಸ ಮುಗಿದ ಮೇಲೆ ಅಲ್ಲಿ ನಮ್ಮದೇನೈತೆ ಕಾಯಾಕೆ? ಅದಕ್ಕೆ ಗಾಳಿ ಬರೋ ಕಡೆ ಬಂದ್ವಿ."

ಹೊರಡುವಾಗ ಕಾಳಕ್ಕ ಅಂಗಮ್ಮಾಳ್ ಎದುರಿಗೇ ಜಂಬಣ್ಣನಿಗೆ ಹೇಳಿದಳು: "ತಿಳೀತು ಸ್ವಾಮಿ. ಅವರ ಕೂಲಿ ಅವರ ಸೊಂಟದಾಗೆ ಐತೆ. ನಮ್ಮ ಕೂಲಿ ಗುಂಡಿಯಾಗೆ ಮಲಗೈತೆ. ಅದಕ್ಕೆ ನಾವೂ ಅದರ ಪಕ್ಕ ಮಲಗೀವಿ."

ಜಂಬಣ್ಣ ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡ.

ಓಬಮ್ಮ ಮುಖ ಹಿಂಡಿಕೊಂಡು ಕ್ವಿನೈನ್ ನುಂಗಿದಳು. ಬುಧವಾರ ಹತ್ತು ಗಂಟೆಗೆ ನಡುಕ ಬಂತು, ಶುಕ್ರವಾರ ಸ್ವಲ್ಪ ಕಡಿಮೆಯಾಗಿತ್ತು. ಇತ್ತ ಯತ್ತಪ್ಪ ಚೊಂಬನ್ನು ದಿನಾ ಬಗ್ಗಿ ನೋಡುತ್ತಿದ್ದ. ಹುಳಗಳು ದಪ್ಪವಾದವು, ಗೂನು ಬೆನ್ನಿನಂತೆ ಬಾಗಿದವು. ಭಾನುವಾರ ಬೆಳಗ್ಗೆ ನೋಡಿದರೆ ಬಟ್ಟೆಯ ಒಳಮೈಗೆ ಹನ್ನೊಂದು ಸೊಳ್ಳೆ ಕೂತಿದ್ದವು.

"ಲೇ ಕಾಳೀ, ಬಾರೇ ಇಲ್ಲಿ! ಬಟ್ಟೆ ಬಿಚ್ಚಿಲ್ಲ. ಆಣೆ ಮಾಡ್ತೀನಿ, ನಾನು ಬಿಚ್ಚಿಲ್ಲ."

"ನೀನು ಬಿಚ್ಚಿಲ್ಲ ಅಂತ ಗೊತ್ತು, ಯತ್ತಪ್ಪ" ಎಂದ ಆಗಷ್ಟೇ ಬಂದ ಜಂಬಣ್ಣ. "ಹೊರಗಿಂದ ಬಂದಿಲ್ಲ ಅವು, ನೀರಾಗೇ ಹುಟ್ಟಿದ್ವು. ಒಂದು ಚೊಂಬಿಗೆ ಹನ್ನೊಂದು. ನಿನ್ನ ಗುಂಡೀಲಿ ಎಷ್ಟು ಚೊಂಬು ನೀರೈತೆ? ಜ್ವರ ಇದ್ದೋರನ್ನ ಕಚ್ಚಿದ ಸೊಳ್ಳೆ ಇನ್ನೊಬ್ಬರನ್ನ ಕಚ್ಚಿದ್ರೆ ಅವರಿಗೂ ಜ್ವರ. ನಿನ್ನ ಹಂದಿದೂ ತಪ್ಪಲ್ಲ, ಹಣೇಬರಹದ್ದೂ ಅಲ್ಲ. ನಿಂತ ನೀರಿನ ತಪ್ಪು."

ಯತ್ತಪ್ಪ ಸೊಳ್ಳೆಗಳನ್ನು ನೋಡಿದ. ಆಮೇಲೆ ಗುಂಡಿಯ ನಡುವಿನ ಸಾಕ್ಷಿಯನ್ನು ನೋಡಿದ. "ನೀವು ಹೇಳೋದು ನಿಜ. ಆದ್ರೂ ನಾನು ಎದ್ದು ಹೋದ್ರೆ, ಯಾರಾದ್ರೂ ಕೆತ್ತಿದ್ರೆ, ಹುಟ್ಟೋ ಮಗೀಗೆ ಏನು ಹಾಕಲಿ?"

ಇದಕ್ಕೆ ಉತ್ತರ ತಂದವಳು ಅಂಗಮ್ಮಾಳ್. ಕಾಳಕ್ಕನ ಮಾತು ಅವಳ ಮನಸ್ಸಿನಲ್ಲೇ ಕೂತಿತ್ತು. ಮಧ್ಯಾಹ್ನ ತಲೆಯ ಮೇಲೆ ಒಂದು ಬಾಂಡ್ಲಿ ಗಾರೆ ಹೊತ್ತು ಬಂದವಳೇ ಸೀರೆ ಎತ್ತಿಕಟ್ಟಿ ಗುಂಡಿಗಿಳಿದಳು.

"ಏಯ್, ಸಾಕ್ಷಿ ಮುಟ್ಟಬೇಡ!" ಎಂದು ಯತ್ತಪ್ಪ ಕೂಗಿದ.

"ಮುಟ್ಟಬಾರದು ಅಂತಾನೇ ಬಂದಿದೀನಿ ಅಣ್ಣ. ತಲೆ ಮೇಲಿನ ಹುಲ್ಲು ಹಂಗೇ ಬಿಡ್ತೀನಿ. ಸುತ್ತ ಮೇಲಿಂದ ನೀರಿನ ಮಟ್ಟದವರೆಗೆ ಗಾರೆ ಬಳೀತೀನಿ. ಕೆತ್ತಿದ್ರೆ ಗಾರೆ ಒಡೀತೈತೆ. ಒಡೆದಿದ್ದು ಕುರುಡನಿಗೂ ಕಾಣ್ತೈತೆ."

"ಮಳೇಗೆ ಕರಗಿದ್ರೆ?"

ಅಂಗಮ್ಮಾಳ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮಾರಿಕಣಿವೆ ಕಟ್ಟೆ ಹಿಡಿದಿರೋದು ನಾವು ಅರೆದ ಗಾರೇನೇ. ಅಷ್ಟು ನೀರು ಹಿಡಿದಿರೋದು ನಿನ್ನ ಮಣ್ಣುಗುಡ್ಡೆ ಹಿಡಿಯಲ್ವೇನಣ್ಣ?"

ಯತ್ತಪ್ಪನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಜಂಬಣ್ಣ ಓವರ್‌ಸೀಯರನ್ನು ಕರೆತಂದ. ಅವನು ಬಿಳಿಯ ಸಾಕ್ಷಿಯನ್ನು ಸುತ್ತಿ ನೋಡಿ, ಕೋಲಿಟ್ಟು ಎತ್ತರ ಅಳೆದು, "ಮೂರು ಅಡಿ ಎರಡು ಅಂಗುಲ" ಎಂದು ಬರೆದುಕೊಂಡ. "ಗಾರೆ ಒಡೀದೆ ಇದ್ರೆ ನನ್ನ ತಕರಾರಿಲ್ಲ. ನೀರು ಹೋಗಾಕೆ ಕಾಲುವೆ ಬೇಕಾದ್ರೂ ಕಡೀರಿ" ಎಂದ.

ಇನ್ನೊಂದು ಮಾತು ಉಳಿದಿತ್ತು. ಕಾಳಕ್ಕ ಸಂಕೋಚದಿಂದ ಕೇಳಿದಳು: "ದಿಬ್ಬದ ಮೇಲೆ ನಿಮ್ಮೋರು ನಮ್ಮನ್ನ ಇರಾಕೆ ಬಿಡ್ತಾರಾ? ನಮ್ಮ ಹಂದಿಗಳು ಬೇರೆ ಅವೆ."

"ಹಂದಿ ಕೆಳಗಿರಲಿ, ಹುಡುಗಿ ಮೇಲೆ ಬರಲಿ" ಎಂದಳು ಅಂಗಮ್ಮಾಳ್. "ಗೊಣಗೋರು ಗೊಣಗ್ತಾರೆ. ನನ್ನ ಗುಡಿಸಲ ಪಕ್ಕದ ಜಾಗ ನಂದು."

ಸೋಮವಾರ ಓಬಮ್ಮನನ್ನು ದಿಬ್ಬಕ್ಕೆ ಕರೆದೊಯ್ದರು. ಅದೇ ವಾರ ಮಣ್ಣಿನವರು ಗುಂಡಿಯಿಂದ ಗುಂಡಿಗೆ ಸಣ್ಣ ಕಾಲುವೆ ಕಡಿದು ನೀರನ್ನು ಹಳ್ಳಕ್ಕೆ ಬಿಟ್ಟರು. ಮಣ್ಣು ಕಡಿಯುವುದು ಅವರಿಗೆ ಯಾವ ಲೆಕ್ಕ! ಒಬ್ಬರನ್ನು ನೋಡಿ ಇನ್ನೊಬ್ಬರು ಸಾಕ್ಷಿಗೆ ಗಾರೆ ಬಳಿಸಿಕೊಂಡರು. ಬಯಲಿನಲ್ಲಿ ಹದಿನೇಳು ಬಿಳಿಯ ಕಂಬಗಳು ನಿಂತವು. ಕಾಯುವವರು ಯಾರೂ ಇರಲಿಲ್ಲ.

ಅಕ್ಟೋಬರ್ ಐದರಂದು ಅಳತೆಯಾಯಿತು. ಯತ್ತಪ್ಪನ ಸಾಕ್ಷಿ ಮೂರು ಅಡಿ ಎರಡು ಅಂಗುಲವೇ ಇತ್ತು. ಡಿಸೆಂಬರ್ ತಿಂಗಳಲ್ಲಿ ಓಬಮ್ಮನಿಗೆ ಹೆಣ್ಣು ಮಗುವಾಯಿತು. ಮೊದಲ ಎಣ್ಣೆ ತಿಕ್ಕಿದ್ದು ಅಂಗಮ್ಮಾಳ್. ಬಿರುಕು ಕೈ ಮಗುವಿಗೆ ಒರಟಾದೀತು ಅಂತ ಹೆದರಿ, ಬೆರಳ ತುದಿಯಲ್ಲಷ್ಟೇ ತಿಕ್ಕಿದಳು. ಮುಂದಿನ ಯುಗಾದಿಗೆ ಜಂಬಣ್ಣ ಮತ್ತೆ ಮಕ್ಕಳ ಹೊಟ್ಟೆ ಮುಟ್ಟಿ ನೋಡಿದಾಗ, ಮಣ್ಣಿನವರ ಮೂವತ್ತು ಮಕ್ಕಳಲ್ಲಿ ಗಡ್ಡೆ ಇದ್ದದ್ದು ಒಂಬತ್ತಕ್ಕೆ.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಹಳೆಯದು. ಸೊಳ್ಳೆ ಮಾತ್ರ ಹಳೆಯದಾಗಿಲ್ಲ. ಇವತ್ತಿಗೂ ಮನೆ ಕಟ್ಟುವ ಕಡೆ, ಇಟ್ಟಿಗೆ ಸುಡುವ ಕಡೆ, ರಸ್ತೆ ಹಾಕುವ ಕಡೆ ದೂರದಿಂದ ಬಂದವರು ಗುಂಡಿಯ ಪಕ್ಕದಲ್ಲೇ ಗುಡಿಸಲು ಹಾಕುತ್ತಾರೆ. ಅವರಿಗೆ ಜ್ವರ ಬಂದರೆ "ಅವರ ಜನವೇ ಹಾಗೆ" ಎನ್ನಬೇಡಿ. ಅವರು ಯಾಕೆ ಅಲ್ಲಿ ಮಲಗಿದ್ದಾರೆ ಎಂದು ಕೇಳಿ. ನಿಂತ ನೀರಿಗೆ ದಾರಿ ಮಾಡಿ. ಹರಿಸಲಾಗದ ನೀರಿನ ಪಾತ್ರೆ, ತೊಟ್ಟಿಗಳನ್ನು ಮುಚ್ಚಿಡಿ. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. ನಡುಕದ ಜ್ವರ ಬಂದರೆ, ಅದರಲ್ಲೂ ಬಸುರಿಗೆ ಬಂದರೆ, ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೊರಗೆ ಬನ್ನಿ. ನಿಮ್ಮ ಬಾಗಿಲಿನಿಂದ ನಿಂತ ನೀರಿಗೆ ಎಷ್ಟು ಹೆಜ್ಜೆ, ಎಣಿಸಿ ನೋಡಿ. ಯತ್ತಪ್ಪನ ಬಾಗಿಲಿನಿಂದ ಆರು ಹೆಜ್ಜೆ ಇತ್ತು.