ಮೊದಲು ಹೊರಗೆ, ಆಮೇಲೆ ಫೋನು

ಮೈಕು ಮತ್ತೆ ಕಿರ್ರೆಂದಿತು, ಸ್ವಲ್ಪ ದೂರ ನಿಲ್ಲಬಾರದೇ ಈ ಗ್ವೆನ್, ನುಂಗಿಬಿಡುವ ಹಾಗೆ ಬಾಯಿಗೇ ಹಚ್ಚಿಕೊಂಡಿದ್ದಾಳೆ, ನದಿ ದಂಡೆಯ ಐಸ್‌ಕ್ರೀಂ ಅಂಗಡಿಯವಳು, ನನ್ನ ಮಗ ಬ್ರೋಡಿ ಸತ್ತಾಗ ಟ್ರೇ ತುಂಬ ಆಲೂಗಡ್ಡೆ ಬೇಯಿಸಿ ತಂದು ನನ್ನ ಹೆಗಲ ಮೇಲೆ ಬಿದ್ದು ಗೊಳೋ ಎಂದವಳು, ಇವತ್ತು ಊರಿನ ಕೌನ್ಸಿಲ್ ಮುಂದೆ ನಿಂತು, ಪಾರ್ಕಲ್ಲೇ ಕೂತು ಡ್ರಗ್ಸ್ ಸೇದ್ತಾರೆ, ಮೊಮ್ಮಕ್ಕಳನ್ನ ಜಾರುಬಂಡಿ ಹತ್ರ ಬಿಡಂಗಿಲ್ಲ, ಪೊಲೀಸ್ರು ನೋಡ್ಕೊಂಡೇ ಮುಂದಕ್ಕೆ ಹೋಗ್ತಾರೆ, ಇವರಿಗೆ ಭಯಾನೇ ಹೋಗಿಬಿಟ್ಟಿದೆ, ಭಯ ಇದ್ರೆ ತಾನೇ ಬದುಕ್ತಾರೆ — ಬದುಕುತ್ತಾರಂತೆ, ಅಹಾ, ಎಷ್ಟು ಸಲೀಸು, ಚಪ್ಪಾಳೆ ಬೇರೆ, ಮುಂದಿನ ಸಾಲಿನವರೆಲ್ಲ ಬಡಿಯುತ್ತಿದ್ದಾರೆ, ಇವರ ಮಕ್ಕಳನ್ನೆಲ್ಲ ನಾನೇ ಸ್ಕೂಲ್ ಬಸ್ಸಿನಲ್ಲಿ ಹೊತ್ತು ತಿರುಗಿದ್ದೇನೆ, ಹಿಮದಲ್ಲಿ, ಕೆಸರಿನಲ್ಲಿ, ಮೈ ಉರಿಯುತ್ತದೆ ನನಗೆ. ಗ್ವೆನ್ ಹೇಳುವುದು ಸುಳ್ಳೂ ಅಲ್ಲ, ಅದೇ ಕರ್ಮ, ಜಾರುಬಂಡಿ ಕೆಳಗೆ ಸೂಜಿ ಸಿಕ್ಕಿದ್ದು ನಿಜ, ಎತ್ತಿ ಹಾಕಿದವಳು ನಾನೇ, ಆದರೆ ಅದಕ್ಕೆ ಕಾನೂನನ್ನೇ ಕಿತ್ತುಹಾಕಬೇಕೇ, ಜೇಬಿನಲ್ಲಿ ಚೂರು ಮಾಲು ಇದ್ದ ಮಾತ್ರಕ್ಕೆ ಯಾರನ್ನೂ ಹಿಡಿಯುವಂತಿಲ್ಲ ಎಂದು ಪ್ರಯೋಗಕ್ಕೆ ತಂದ ಕಾನೂನು, ಬೇಡ, ವಾಪಸ್ ತೆಗೆಯಿರಿ ಎಂದು ಸರ್ಕಾರಕ್ಕೆ ಬರೆಯಲು ಇವತ್ತಿನ ಗೊತ್ತುವಳಿ, ಕೈ ಎತ್ತಿದರೆ ಮುಗಿಯಿತು, ಆಮೇಲೆ ಮನೆಗೆ ಹೋಗಿ ಊಟ. ಅದಕ್ಕೂ ಮೊದಲು ಆರೋಗ್ಯ ಇಲಾಖೆಯ ಟೈ ಕಟ್ಟಿದ ಹುಡುಗ ಪರದೆಯ ಮೇಲೆ ಗೆರೆ ಏರಿಸಿ ಇಳಿಸಿ ಆಡಿಸಿದ, ಕಾನೂನು ಬಂದ ಮೇಲೆ ಸಾವು ಇಳಿಯಿತೋ ಇಲ್ಲವೋ ಅವನಿಗೇ ಬಾಯಿ ಬಿಟ್ಟು ಹೇಳಲಾಗಲಿಲ್ಲ, ಹೇಗೆ ಇಳಿಯುತ್ತದೆ, ಬೀದಿಯಲ್ಲಿ ಮಾರುವ ವಿಷ ವಿಷವಾಗಿಯೇ ಇದೆ, ಅದನ್ನು ಮುಟ್ಟುವ ಧೈರ್ಯ ಯಾರಿಗಿದೆ, ಆದರೂ ಒಂದು ಬದಲಾಗಿದೆ ಕಣಪ್ಪ, ಈಗ ಯಾರಾದರೂ ಡೋಸ್ ಹೆಚ್ಚಾಗಿ ಬಿದ್ದರೆ ಬಿದ್ದಲ್ಲಿಂದಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಾರೆ, ಅಷ್ಟೇ, ಅಷ್ಟೊಂದೇ ಸಾಕು, ಅದನ್ನು ಯಾವ ಗೆರೆಯಲ್ಲಿ ತೋರಿಸುತ್ತೀ. ನಾನೇ ಹೇಳಬೇಕು, ಗ್ವೆನ್ ಆದ ಮೇಲೆ ನನ್ನದೇ ಸರದಿ, ಹಿಂದೆ ತಿರುಗಬಾರದು ಎಂದುಕೊಂಡರೂ ತಿರುಗಿದೆ, ಕೊನೆಯ ಸಾಲಿನಲ್ಲಿ ಬ್ರೋಡಿಯ ಗೆಳೆಯ ವೇಡ್, ಕಿತ್ತಳೆ ಟೋಪಿ ತೊಡೆಯ ಮೇಲೆ, ಪಕ್ಕದ ಗೋಡೆಗೆ ಒರಗಿದ ಪೊಲೀಸಪ್ಪನ ಕಡೆ ಒಂದು ಕಣ್ಣು, ನನ್ನ ಕಡೆ ಒಂದು, ಬಾರೋ ಎಂದು ಕರೆದದ್ದು ನಾನೇ, ಬರ್ತೀನಿ ಅಮ್ಮಾ, ಮಾತಾಡು ಅಂತ ಮಾತ್ರ ಹೇಳ್ಬೇಡಿ ಎಂದಿದ್ದ.

ವೇಡ್ ಮತ್ತು ಬ್ರೋಡಿ ಒಟ್ಟಿಗೇ ಗೋಡೆ ಹಲಗೆ ಬಡಿಯುವ ಕೆಲಸ ಕಲಿತವರು, ಏಣಿಯಿಂದ ಬಿದ್ದು ಬ್ರೋಡಿಯ ಭುಜ ಹೋಯಿತು, ಡಾಕ್ಟರು ನೋವಿನ ಗುಳಿಗೆ ಕೊಟ್ಟರು, ಕೊಟ್ಟು ಕೊಟ್ಟು ಒಂದು ದಿನ ಸಾಕು ಎಂದರು, ಎಂಥ ಸಾಕು, ಅಷ್ಟು ಹೊತ್ತಿಗೆ ಮೈಗೆ ಅದು ಬೇಕಾಗಿಬಿಟ್ಟಿತ್ತು, ಆಮೇಲೆ ಬೀದಿಯ ಮಾಲು, ಆಮೇಲೆ ಲಾಂಡ್ರಿ ಹಿಂದಿನ ಆ ಬಾಡಿಗೆ ಮನೆ. ಆ ಮನೆಗೊಂದು ರೂಢಿಯಿತ್ತು, ಈ ಕಾನೂನು ಬರುವ ಮೊದಲು ಅಂಥ ಎಲ್ಲ ಮನೆಗೂ ಇತ್ತು, ಯಾರಾದರೂ ಬಿದ್ದರೆ ಮೊದಲು ಹೊರಗೆ, ಆಮೇಲೆ ಫೋನು, ಆಂಬುಲೆನ್ಸ್ ಹಿಂದೆ ಪೊಲೀಸ್ ಬಂದೇ ಬರುತ್ತದೆ, ಫೋನ್ ಮಾಡಿದವರನ್ನು ಮುಟ್ಟಬಾರದೆಂಬ ಕಾಯ್ದೆ ಆಗಲೂ ಇತ್ತಂತೆ, ಇತ್ತು ಕಾಗದದಲ್ಲಿ, ಮಂಚದ ಕೆಳಗೆ ಮಾಲು ಇಟ್ಟುಕೊಂಡವನು ಕಾಗದ ನಂಬುತ್ತಾನೆಯೇ. ಆ ದಿನ, ಬಿದ್ದವರ ಉಸಿರು ತರಿಸಲು ಮೂಗಿಗೆ ಹೊಡೆಯುವ ಔಷಧ ಖಾಲಿ, ಬ್ರೋಡಿಯ ತುಟಿ ನೀಲಿ, ಇವರು ಕಂಕುಳಿಗೆ ಕೈ ಹಾಕಿ ಅಡುಗೆಮನೆಯಿಂದ ಎಳೆದು, ಮೆಟ್ಟಿಲು ಇಳಿಸಿ, ಜಲ್ಲಿಯ ಗಲ್ಲಿ ಉದ್ದಕ್ಕೂ ಎಳೆದು ಬಸ್ ಶೆಲ್ಟರಿನಲ್ಲಿ ಒರಗಿಸಿ, ಆಮೇಲೆ ಫೋನ್ ಮಾಡಿ ಓಡಿದರು. ಇದನ್ನೆಲ್ಲ ವೇಡ್ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದ, ಕಾಫಿ ಕೈಯಲ್ಲೇ ಆರಿಹೋಯಿತು, ಎತ್ತೋ ಹೊತ್ತಿಗೇ ಅವನು ಹೋಗ್ಬಿಟ್ಟಿದ್ದ ಅಮ್ಮಾ, ದೇವರಾಣೆ, ಉಸಿರಿದ್ದಿದ್ರೆ ನಾನು ಎಳೀತಿದ್ನಾ. ಆ ಒಂದು ಮಾತಿನ ಮೇಲೆ ನಿಂತಿದ್ದಾನೆ ಮುಂಡೇದು, ಅದರ ಮೇಲೇ ಮಾಲು ಬಿಟ್ಟಿದ್ದಾನೆ, ಕೆಲಸಕ್ಕೆ ಹೋಗುತ್ತಿದ್ದಾನೆ, ಭಾನುವಾರ ಬಂದು ನನ್ನ ಅಂಗಳದ ಹಿಮ ಗೋರುತ್ತಾನೆ, ನಾನು ತಲೆಯಾಡಿಸಿದೆ, ಹೌದಪ್ಪ, ಹೋಗಿದ್ದ. ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಚಾದರ ಸರಿಸಿದಾಗ ಕಾಲಲ್ಲಿ ಬೂಟು ಇರಲಿಲ್ಲ, ಕಾಲುಚೀಲ ಹರಿದಿತ್ತು, ಎರಡೂ ಹಿಮ್ಮಡಿ ಕಿತ್ತುಹೋಗಿ ರಕ್ತ ಹೆಪ್ಪುಗಟ್ಟಿತ್ತು, ಇದೇನು ಎಂದೆ, ನರ್ಸ್ ಮೆಲ್ಲಗೆ, ಎಲ್ಲೋ ಎಳೆದಿದ್ದಾರೆ, ಹೃದಯ ನಿಂತ ಮೇಲೆ ಹೀಗೆ ರಕ್ತ ಹರಿಯಲ್ಲಮ್ಮ ಎಂದಳು, ಆಗ ತಲೆಗೆ ಹೋಗಲಿಲ್ಲ, ವೇಡ್ ಮೆಟ್ಟಿಲ ಮೇಲೆ ಕೂತು ಜಲ್ಲಿ ಎಂದಾಗ ಹೋಯಿತು.

ಐವಿ ಪೆಟ್ರುಕ್, ಕೂಗುತ್ತಿದ್ದಾರೆ, ಎದ್ದೆ, ಗ್ವೆನ್ ಪಕ್ಕದಲ್ಲಿ ಹಾಯುವಾಗ ನನ್ನ ಕೈ ಹಿಸುಕಿದಳು, ಕೊಡವಿಕೊಂಡೆ, ಮೈಕ್ ಅವಳ ಉಸಿರಿನಿಂದ ಇನ್ನೂ ಬೆಚ್ಚಗಿದೆ, ಥೂ, ಹೇಳು, ಹೇಳಿಬಿಡು, ನೀವು ಕೇಳುತ್ತಿರುವ ಭಯ ನಮ್ಮ ಮನೆಗೆ ಬಂದಿತ್ತು ಎಂದು ಹೇಳು, ನನ್ನ ಮಗನ ಕಂಕುಳಿಗೆ ಕೈ ಹಾಕಿದ್ದು ಅದೇ ಎಂದು ಹೇಳು, ಅವನು ಬದುಕಿದ್ದ, ಆ ಗಲ್ಲಿಯ ಉದ್ದಕ್ಕೂ ಬದುಕಿದ್ದ, ಇದೊಂದನ್ನು ಹೇಳಿದರೆ ಇವರಲ್ಲಿ ಎರಡು ಕೈಯಾದರೂ ಕೆಳಗಿಳಿಯುತ್ತವೆ, ಬಾಕಿದ್ದನ್ನೆಲ್ಲ ಟೈ ಕಟ್ಟಿದವನು ಹೇಳಿ ಆಯಿತು, ಇದು ನನ್ನ ಹತ್ತಿರ ಮಾತ್ರ ಇದೆ — ಹೇಳಿದರೆ ವೇಡ್ ಕೇಳಿಸಿಕೊಳ್ಳುತ್ತಾನೆ, ಈ ಕೋಣೆಯಲ್ಲಿ, ಪೊಲೀಸಪ್ಪನ ಪಕ್ಕದಲ್ಲಿ, ನಾಳೆ ಬೆಳಗ್ಗೆ ಅವನು ಎಲ್ಲಿರುತ್ತಾನೆ, ಮತ್ತೆ ಮಾಲು ಹಿಡಿದು ಯಾವ ಬಾಗಿಲಿನ ಹಿಂದೆ, ಹೇಳದಿದ್ದರೆ ಇನ್ಯಾರದೋ ಮಗನನ್ನು ಇನ್ಯಾವುದೋ ಗಲ್ಲಿಯಲ್ಲಿ, ಅಯ್ಯೋ ಪಾಪಿಗಳಿರಾ, ಇದನ್ನು ನನ್ನ ತಲೆಗೇಕೆ ಕಟ್ಟಿದಿರಿ, ಅಮ್ಮಾ, ನಿಮ್ಮ ಸಮಯ ಓಡ್ತಿದೆ, ಅಧ್ಯಕ್ಷ ಹೇಳುತ್ತಿದ್ದಾನೆ, ವೇಡ್ ನನ್ನನ್ನೇ ನೋಡುತ್ತಿದ್ದಾನೆ, ಧೈರ್ಯ ಹೇಳುವವನ ಹಾಗೆ ತಲೆಯಾಡಿಸುತ್ತಿದ್ದಾನೆ, ನನ್ನ ಮಗ ಎಂದೆ, ನನ್ನ ಮಗನ ಎಂದೆ, ಮುಂದಿನ ಪದ ಹಿಮ್ಮಡಿ, ಬಾಯಿಗೆ ಬರುತ್ತಿಲ್ಲ, ಹರಿದ ಕಾಲುಚೀಲ, ಜಲ್ಲಿ, ಹಿಮ್ಮಡಿ, ರಕ್ತ, ಹಿಮ್ಮಡಿಯಲ್ಲಿ ರಕ್ತ —