ಕುಂಕುಮ ಹಚ್ಚಿದ ಕೆಂಪು ಕಾರು

ಬುಧವಾರ ಬೆಳಗ್ಗೆ ನಾನು ಮಂಗಳಾರತಿ ಎತ್ತಿದ್ದಾಗ ಫೋನು ಬಂತು. ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ತಟ್ಟೆ. ತಾನೇ ನಿಲ್ಲಲಿ ಎಂದು ಬಿಟ್ಟೆ. ನಿಲ್ಲಲಿಲ್ಲ. ಕೊನೆಗೆ ತೆಗೆದುಕೊಂಡರೆ ಸೆಲ್ವರಾಜನ ಮಗಳು ಕಲಾ.

"ಅಪ್ಪ ಎದ್ದೇಳ್ತಾ ಇಲ್ಲ ಮಾಮಾ" ಎಂದಳು.

ಆರತಿ ತಟ್ಟೆಯನ್ನು ಎಲ್ಲಿಟ್ಟೆನೋ ತಿಳಿಯದು. ನಾನು ಅವನ ಮನೆ ಮುಟ್ಟುವ ಹೊತ್ತಿಗೆ ಅವನ ಹಣೆಗೆ ವಿಭೂತಿ ಹಚ್ಚಿಯಾಗಿತ್ತು.

ಸೆಲ್ವರಾಜನೂ ನಾನೂ ಕೆಜಿಎಫ್‌ನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅವನು ವರ್ಕ್‌ಶಾಪಿನಲ್ಲಿ ವೆಲ್ಡರ್, ನಾನು ಟೈಮ್ ಆಫೀಸಿನಲ್ಲಿ ಗುಮಾಸ್ತ. ಗಣಿ ಮುಚ್ಚಿದ ಮೇಲೆ ಅವನು ಬಂಗಾರಪೇಟೆಯಲ್ಲಿ ಒಂದು ಶೆಡ್ ಹಾಕಿಕೊಂಡು ಗುದ್ದಿದ ಕಾರುಗಳನ್ನು ನೇರ ಮಾಡುತ್ತಿದ್ದ. ನಾನು ರೈಲು ಹತ್ತಿ ಹೋಗಿ ಅಲ್ಲಿ ಕೂತು ಟೀ ಕುಡಿಯುತ್ತಿದ್ದೆ. ಇಪ್ಪತ್ತು ವರ್ಷ ಟೀ ಕುಡಿದವನಿಗೆ ಕೆಲಸ ಬರದಿದ್ದರೂ ಕೆಲಸದ ಗುಟ್ಟುಗಳು ತಿಳಿಯುತ್ತವೆ.

ಮಧ್ಯಾಹ್ನ ಬೂದಿಕೋಟೆಯಿಂದ ನನ್ನ ತಂಗಿಯ ಮಗ ಮುನಿರಾಜು ಹೂವಿನ ಹಾರ ಹಿಡಿದು ಬಂದ. ಹಾರ ಹಾಕಿದ, ಕೈ ಮುಗಿದ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟ.

"ಒಳ್ಳೆ ಮನುಷ್ಯ ಮಾವ. ಶುಕ್ರವಾರ ಗಾಡಿ ನೋಡಕ್ಕೆ ಬತ್ತೀನಿ ಅಂದಿದ್ದ." ಕುರ್ಚಿಯನ್ನು ನನ್ನತ್ತ ಎಳೆದುಕೊಂಡು, "ಈಗ ಯಾರನ್ನ ಕರ್ಕೊಂಡು ಓಗೋದು?" ಎಂದ.

"ಹೆಣ ಇನ್ನೂ ಎತ್ತಿಲ್ಲ ಕಣ್ಲಾ."

"ಅದಕ್ಕೇ ಮೆಲ್ಲಗೆ ಕೇಳ್ತಿದೀನಿ."

ಮುನಿರಾಜುವಿಗೆ ಹದಿನಾಲ್ಕು ಸೀಮೆಹಸು, ಒಂದು ಟ್ರ್ಯಾಕ್ಟರು, ಬರುವ ತಿಂಗಳು ನವ್ಯ ಎಂಬ ಹುಡುಗಿಯೊಡನೆ ಮದುವೆ. ಇಷ್ಟು ಇರುವವನಿಗೆ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಬೇಕಾಗಿತ್ತು. ಬಂಗಾರಪೇಟೆಯ ಸುಧಾಕರ್ ಎಂಬವನ ಹಳೆ ಕಾರಿನ ಅಂಗಡಿಯಲ್ಲಿ ಅಂಥದೊಂದು ನಿಂತಿತ್ತು. ನೆಲಕ್ಕೂ ಅದರ ಹೊಟ್ಟೆಗೂ ಒಂದು ಗೇಣು. ಬೂದಿಕೋಟೆ ರಸ್ತೆಯ ಉಬ್ಬುಗಳ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಮದುವೆಯಾದ ಮಾರನೆಯ ದಿನ ಆ ಕಾರಿನಲ್ಲೇ ಹೆಂಡತಿಯನ್ನು ಕೂರಿಸಿಕೊಂಡು ತಿರುಪತಿ ಬೆಟ್ಟ ಹತ್ತುವುದಾಗಿ ಅವನು ಎಲ್ಲರಿಗೂ ಹೇಳಿಬಿಟ್ಟಿದ್ದ. ಕಾರನ್ನು ನೋಡಿಕೊಡು ಎಂದು ಸೆಲ್ವರಾಜನನ್ನು ಮೂರು ಸಲ ಕರೆದಿದ್ದ. ಒಂದು ಸಲ ಮಂಡಿನೋವು, ಒಂದು ಸಲ ಸಕ್ಕರೆ ಕಾಯಿಲೆ, ಮೂರನೆಯ ಸಲ ರೈಲು ತಪ್ಪಿತು ಎಂದು ಅವನು ತಪ್ಪಿಸಿಕೊಂಡು, ಕೊನೆಗೆ ಈ ಶುಕ್ರವಾರ ಎಂದಿದ್ದ.

ಶುಕ್ರವಾರ ಮುನಿರಾಜುವಿನ ಜೊತೆ ನಾನೇ ಹೋದೆ. ಮನೆಯಲ್ಲಿ ಕೂತರೆ ಅವನದೇ ನೆನಪು.

ಕಾರು ಮದುವಣಗಿತ್ತಿಯಂತೆ ನಿಂತಿತ್ತು. ಮುಂದೆ ಚೆಂಡುಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು, ಮೈಮೇಲೆ ಅಲ್ಲಲ್ಲಿ ಅಂಗೈ ಅಗಲದ ಅರಿಶಿನ ಕುಂಕುಮ. ಬಾನೆಟ್ಟಿನ ಅಂಚಿನಲ್ಲಿ ಒಂದು, ಎಡಬಾಗಿಲ ಕೆಳಗೆ ಒಂದು, ಹಿಂದಿನ ಚಕ್ರದ ಮೇಲೆ ಎರಡು. ಬಲಗಡೆಯ ಬಾಗಿಲಿಗೆ ಮಾತ್ರ ಯಾರೂ ಪೂಜೆ ಮಾಡಿರಲಿಲ್ಲ.

ನಾನು ಹೆಗಲ ವಲ್ಲಿಯಿಂದ ಕುಂಕುಮ ಒರೆಸಲು ಹೋದೆ.

"ಯಜಮಾನ್ರೇ, ಯಜಮಾನ್ರೇ!" ಸುಧಾಕರ್ ಓಡಿಬಂದ. "ಶುಕ್ರವಾರ. ತಾಯಿ ಮುತ್ಯಾಲಮ್ಮನ ಕುಂಕುಮ. ಹಣೆ ಮೇಲೆ ನಾಮ ಇಟ್ಕೊಂಡಿರೋ ನೀವೇ ಅಳಿಸ್ತೀರಾ?"

ಕೈ ಹಿಂದೆ ಬಂತು. ಐವತ್ತು ವರ್ಷ ಪೂಜೆ ಮಾಡಿದ ಕೈ ಅದು. ಇಂಥ ಕೈಗಳನ್ನು ನಂಬಿಯೇ ಅವನು ವ್ಯಾಪಾರ ನಡೆಸುತ್ತಿದ್ದನೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಮನೆಯ ಫ್ರಿಜ್ಜಿಗೆ ಅಂಟಿಸಿದ್ದ ವೆಂಕಟರಮಣಸ್ವಾಮಿಯ ಅಯಸ್ಕಾಂತದ ಬಿಲ್ಲೆಯನ್ನು ತಂದಿದ್ದೆ. ಬಲಬಾಗಿಲಿಗೆ ಇಟ್ಟೆ. ಸ್ವಾಮಿ ಗಟ್ಟಿಯಾಗಿ ನಿಂತ. ಎಡಬಾಗಿಲಿಗೆ, ಕುಂಕುಮದ ಪಕ್ಕದಲ್ಲೇ ಇಟ್ಟೆ. ಸ್ವಾಮಿ ಜಾರಿ ಮಣ್ಣಿಗೆ ಬಿದ್ದ. ಎತ್ತಿ ಕಣ್ಣಿಗೊತ್ತಿಕೊಂಡೆ.

"ಸ್ಪೋರ್ಟ್ಸ್ ಕಾರಲ್ವಾ, ಫೈಬರ್ರು. ಅಯಸ್ಕಾಂತ ಹಿಡಿಯಲ್ಲ" ಎಂದ ಸುಧಾಕರ್.

"ಬಲಗಡೆ ತಗಡು, ಎಡಗಡೆ ಫೈಬರ್ರಾ?"

"ಗಾಡಿ ಅಗುರವಾಗಿರ್ಬೇಕಲ್ಲ ಮಾವ" ಎಂದು ಮುನಿರಾಜುವೇ ಅವನ ಪರ ವಾದಿಸಿದ. ಅವನು ಆಗಲೇ ಸ್ಟೇರಿಂಗ್ ಹಿಡಿದು ಕೂತಿದ್ದ.

ಬೆರಳಿನ ಗೆಣ್ಣಿನಿಂದ ತಟ್ಟಿದೆ. ಬಲಗಡೆ ತಗಡಿನ ಸದ್ದು, ಎಡಗಡೆ ಗೋಡೆಯ ಸದ್ದು. ಗುದ್ದಿದ ತಗ್ಗನ್ನು ಮೇಣದಂಥ ಪುಟ್ಟಿ ತುಂಬಿ ಮುಚ್ಚಿದ್ದರು. ಬಾಗಿಲ ರಬ್ಬರಿನ ಮಡಿಕೆಯಲ್ಲಿ ಮತ್ತೆ ಬಳಿದ ಕೆಂಪು ಬಣ್ಣ ಸಿಡಿದಿತ್ತು. ಬಾನೆಟ್ಟಿನ ಸಂದಿ ಒಂದು ಕಡೆ ನೂಲಿನಷ್ಟು, ಇನ್ನೊಂದು ಕಡೆ ಬೆರಳಿನಷ್ಟು. ಮುಂದಿನ ಗಾಜಿನ ಮೂಲೆಯಲ್ಲಿ ಅಚ್ಚಾಗಿದ್ದ ತಯಾರಿಕೆಯ ವರ್ಷಕ್ಕೂ ಹಿಂದಿನ ಗಾಜಿನದಕ್ಕೂ ನಾಲ್ಕು ವರ್ಷ ಅಂತರ.

"ಗಾಜು ತಾನೇ? ಕೋತಿ ಒಡೀತು, ಬದಲಾಯಿಸಿದ್ವಿ" ಎಂದ ಸುಧಾಕರ್.

ಡಿಕ್ಕಿ ತೆಗೆಸಿ, ಒಳಗಿನ ಹಾಸನ್ನು ಎತ್ತಿದೆ. ಅಲ್ಲಿ ಕುಂಕುಮ ಹಚ್ಚಲು ಅವರಿಗೆ ತೋಚಿರಲಿಲ್ಲ. ತಳದ ತಗಡಿನಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಒಂದು ಬೆಸುಗೆ ಓಡಿತ್ತು. ಎರಡು ಬೇರೆ ಕಾರುಗಳ ಅರ್ಧರ್ಧವನ್ನು ತಂದು ಕೂಡಿಸಿದ್ದರು. ಬೆಸುಗೆಯೋ, ದರ್ಜಿಯ ಹೊಲಿಗೆಯಷ್ಟು ನೇರ, ಎಲ್ಲೂ ಗಂಟಿಲ್ಲ. ಅದರ ಕೊನೆಯಲ್ಲಿ ಉಳಿಯಿಂದ ಹೊಡೆದ ನಾಲ್ಕು ಅಂಕಿ: ೩೪೧೭. ಪಕ್ಕದಲ್ಲಿ ಒಂದು ಅಡ್ಡಗೀಟು.

"ಕಂಪನಿ ನಂಬರ್ರು" ಎಂದ ಸುಧಾಕರ್.

ಕಂಪನಿಯದಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಕಬ್ಬಿಣ ಬೆಸೆದವನು ಕೆಲಸದ ಮೇಲೆ ತನ್ನ ಟೋಕನ್ ನಂಬರು ಹೊಡೆಯಬೇಕಿತ್ತು. ಜನ ಗಣಿಗೆ ಇಳಿಯುವ ತೊಟ್ಟಿಲಿಗೆ ಹಾಕಬಹುದಾದ್ದಕ್ಕೆ ಸುತ್ತುಗೆರೆ, ಅದಿರು ಹೊರಲು ಮಾತ್ರ ಆಗುವುದಕ್ಕೆ ಅಡ್ಡಗೀಟು. ದಿನಾ ಬೆಳಗ್ಗೆ ಕಿಟಕಿಯಿಂದ ೩೪೧೭ನೇ ಟೋಕನ್ನನ್ನು ಸೆಲ್ವರಾಜನ ಕೈಗೆ ಕೊಡುತ್ತಿದ್ದವನು ನಾನು.

ಅವನು ಮೂರು ಸಲ ಬಾರದಿದ್ದುದರ ಅರ್ಥ ಆಗ ತಿಳಿಯಿತು.

ಹೇಳಿದರೆ ಸಂಜೆಯೊಳಗೆ ಬಂಗಾರಪೇಟೆಯ ತುಂಬ ಅವನ ಹೆಸರು. ಮಣ್ಣು ಮಾಡಿ ಎರಡು ದಿನವಾಗಿಲ್ಲ. ಹೇಳದಿದ್ದರೆ ಮುನಿರಾಜು, ಆ ಹುಡುಗಿ, ತಿರುಪತಿ ಬೆಟ್ಟದ ತಿರುವು. ಹಾಸನ್ನು ಹಿಡಿದುಕೊಂಡೇ ನಿಂತಿದ್ದೆ.

"ಇದು ಸೆಲ್ವರಾಜನ ಕೈ. ಎರಡು ಕಾರು ಕೂಡಿಸಿದಾನೆ" ಎಂದೆ.

ಸುಧಾಕರನ ಮುಖ ಬಾಡಿದ್ದು ಒಂದೇ ಕ್ಷಣ. ಮರುಕ್ಷಣ ಅರಳಿತು. "ನೋಡಿದ್ರಾ! ಸೆಲ್ವರಾಜಣ್ಣನ ಬೆಸುಗೆ! ಕೆಜಿಎಫ್‌ನಲ್ಲಿ ಅಂಥ ಕೈ ಇನ್ನೊಂದಿಲ್ಲ. ಕಂಪನಿ ಬೆಸುಗೆ ಬಿಟ್ರೂ ಇದು ಬಿಡಲ್ಲ!"

"ಔದಲ್ವಾ ಮಾವ?" ಎಂದ ಮುನಿರಾಜು. ಅವನ ಕಣ್ಣಲ್ಲಿ ಕಾರು ಇನ್ನಷ್ಟು ಕೆಂಪಾಗಿತ್ತು. "ನಿನ್ ಸ್ನೇಹಿತನ ಕೆಲ್ಸನೇ ನಂಬಲ್ವಾ ನೀನು?"

"ನಂಬ್ತೀನಿ. ಅದಕ್ಕೇ ಬೇಡ ಅಂತೀನಿ. ಬಾ ಇಲ್ಲಿ." ಅವನ ಕೈಯನ್ನು ಅಡ್ಡಗೀಟಿನ ಮೇಲೆ ಇಡಿಸಿ ಅದರ ಅರ್ಥ ಹೇಳಿದೆ. "ಕಲ್ಲು ಮಣ್ಣು ಹೊರಬಹುದು, ಮನುಷ್ಯರನ್ನ ಹೊರಬಾರದು ಅಂತ ಅವನೇ ಬರೆದಿಟ್ಟಿದಾನೆ. ನವ್ಯನ್ನ ಇದರಲ್ಲಿ ಕೂರಿಸ್ತೀಯಾ?"

ಮುನಿರಾಜು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಮೂರು ಸಲ ಫೋನ್ ಮಾಡಿದ್ನಲ್ಲ ಮಾವ" ಎಂದ ಕೊನೆಗೆ. "ಬ್ಯಾಡ ಕಣಪ್ಪಾ ಅಂತ ಒಂದು ಮಾತು ಏಳ್ಬಾರ್ದಾಗಿತ್ತಾ?"



ಮುನಿರಾಜು ಬೆಸುಗೆಯ ಚಿತ್ರ ತೆಗೆದು ಹಾಲಿನ ಡೇರಿಯ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ. ಈಗ ಆ ಕಾರನ್ನು ಯಾರೂ ಕೊಳ್ಳುವುದಿಲ್ಲ, ನೋಡಲು ಮಾತ್ರ ಸುತ್ತಮುತ್ತಲ ಊರಿನವರೆಲ್ಲ ಬರುತ್ತಾರೆ. ಸುಧಾಕರ್ ಪೂಜೆಯನ್ನು ದಿನಕ್ಕೆ ಎರಡು ಸಲ ಮಾಡುತ್ತಿದ್ದಾನಂತೆ.

ಹದಿನಾರನೆಯ ದಿನದ ಕಾರ್ಯಕ್ಕೆ ಹೋದಾಗ ಕಲಾ ನನ್ನ ಎಲೆಗೆ ತಾನೇ ಬಡಿಸಿದಳು. ಬಡಿಸುತ್ತ, "ಅಪ್ಪನ ವಿಷಯ ನೀವೇ ಹೇಳಿದ್ರಂತೆ ಮಾಮಾ" ಎಂದಳು.

"ಹೇಳಿದೆನಮ್ಮಾ."

ಅವಳು ಸಾರಿನ ಸೌಟು ಹಿಡಿದೇ ನಿಂತಳು. "ಆ ಕಾರು ಶೆಡ್ ಬಿಟ್ಟು ಹೋದ ದಿನ ಅಪ್ಪ ಊಟ ಮಾಡ್ಲಿಲ್ಲ. ಕೇಳಿದ್ರೆ ಹಸಿವಿಲ್ಲ ಅಂದ್ರು. ಆಮೇಲೂ ಸರಿಯಾಗಿ ಉಣ್ಲಿಲ್ಲ." ಸಾರು ಬಡಿಸಿ, "ನೀವು ಹೇಳಿದ್ದು ಒಳ್ಳೇದಾಯ್ತು. ಇನ್ನೊಂದು ಚೂರು ಅನ್ನ ಹಾಕ್ಲಾ?" ಎಂದಳು.

ಊಟ ಮುಗಿಸಿ ಅವನ ಫೋಟೋದ ಮುಂದೆ ಕೂತೆ.

ಸ್ವಾಮಿ, ನಾನು ನಿನ್ನನ್ನು ರಾಮ ಎನ್ನುತ್ತೇನೆ, ಅವನು ಮುರುಗ ಎನ್ನುತ್ತಿದ್ದ. ಯಾವ ಹೆಸರಿನಿಂದ ಕರೆದರೂ ಬರುವವನು ನೀನು. ನನ್ನ ಗೆಳೆಯ ಒಂದು ತಪ್ಪು ಮಾಡಿದ, ಅದನ್ನು ಬಾಯಿಬಿಟ್ಟು ಹೇಳಲಾರದೆ ನಿನ್ನಲ್ಲಿಗೆ ಬಂದಿದ್ದಾನೆ. ನಾಚಿಕೆಯ ಮನುಷ್ಯ, ಅವನಾಗಿ ಕೇಳಿಕೊಳ್ಳಲಾರ. ಅವನ ಪರವಾಗಿ ನಾನು ಕೇಳುತ್ತಿದ್ದೇನೆ. ಮನ್ನಿಸು. ಅವನಿಗೆ ಹಸಿವಾಗುವಂತೆ ಮಾಡು, ನಿನ್ನ ಮನೆಯಲ್ಲಿ ಹೊಟ್ಟೆ ತುಂಬ ಉಣಿಸು, ನೆಮ್ಮದಿಯಾಗಿ ಮಲಗಿಸು.